ಚಂದ್ರನ ಮೇಲಿನ ಬಾಂದುಕಲ್ಲು

ಕಣ್ಣೆದುರಿಗಿರುವ ವಸ್ತುವನ್ನು ಯಾರಾದರೂ ಮನೆಯೆಲ್ಲಾ ಹುಡುಕುತ್ತಿದ್ದರೆ ನಮ್ಮಮ್ಮ, "ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ್ರಂತೆ" ಎನ್ನುತ್ತಿದ್ದಳು. ಇಬ್ಬರು ಮನುಷ್ಯರು ಮೊದಲ ಬಾರಿಗೆ ಚಂದ್ರನ ಮೇಲಿಳಿದು ಓಡಾಡುತ್ತಿದ್ದಾಗ, ಅವರ ಮೂರನೆಯ ಸಂಗಾತಿ ತಲೆಯ ಮೇಲೇ ಸುತ್ತುತ್ತಾ, ಅವರು ಎಲ್ಲಿದ್ದಾರೆಂದು ಹುಡುಕಿ ಹುಡುಕಿ ಸೋತನೆಂಬ ಸಂಗತಿ ತಿಳಿದಾಗ ನನಗೆ ಅಮ್ಮನ ಈ ಗಾದೆಯೇ ನೆನಪಾಯಿತು. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟ ನನಗೆ ಇದು ಗೊತ್ತಿರಲಿಲ್ಲ. ಹೇಳಿದವಳು ನನ್ನ ತಂಗಿಯ ಮಗಳು ಮೇಘನಾ. ಅವಳಿಗಿನ್ನೂ ಹದಿನೇಳು ವರ್ಷ.

ಕಳೆದ ಬೇಸಿಗೆ ರಜೆಯಲ್ಲಿ ತಂಗಿ ಅವಳನ್ನು ನಮ್ಮ ಮನೆಗೆ ಕಳಿಸಿದ್ದಳು. ಬಸ್ಸು ಹತ್ತಿಸುವ ಮೊದಲೇ ಫೋನಿನಲ್ಲಿ, "ಅಕ್ಕಾ, ಮುಂದಿನ ವರ್ಷ ಸೆಕೆಂಡ್ ಪಿಯುಸಿ. ಇವಳು ನೋಡಿದ್ರೆ ಹಗಲೂ ರಾತ್ರಿ ಕಂಪ್ಯೂಟರ್‌ನಲ್ಲಿ ರಾಕೆಟ್ ಆಟ ಆಡ್ತಾಳೆ. ನೀನು ಟೀಚರ್, ನಿನ್ನ ಮಾತು ಕೇಳ್ತಾಳೆ. ಸ್ವಲ್ಪ ಬುದ್ಧಿ ಹೇಳು" ಎಂದಿದ್ದಳು. ಬುದ್ಧಿ ಹೇಳುವ ಕೆಲಸಕ್ಕೆ ನಮ್ಮ ಊರುಗಳಲ್ಲಿ ಮೇಷ್ಟ್ರುಗಳಿಗೂ ಟೀಚರುಗಳಿಗೂ ಸಂಬಳವಿಲ್ಲದ ನೇಮಕಾತಿ ಆಗಿರುತ್ತದೆ, ನಿಮಗೂ ಗೊತ್ತು. ನಾನೂ ಒಪ್ಪಿಕೊಂಡೆ.

ಹುಡುಗಿ ಬಂದವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡಳು. ಅದು ಆಟವಲ್ಲವಂತೆ, ಸಿಮ್ಯುಲೇಟರ್ ಅಂತೆ. ನಿಜವಾದ ಗಗನನೌಕೆ ನಿಜವಾದ ಆಕಾಶದಲ್ಲಿ ಹೇಗೆ ಚಲಿಸುತ್ತದೋ ಹಾಗೆಯೇ ಗಣಿತದ ಪ್ರಕಾರ ಚಲಿಸುವ ನೌಕೆಯನ್ನು ಪರದೆಯ ಮೇಲೆ ನಾವು ನಡೆಸುವುದು. ಗುಂಡು ಹಾರಿಸುವುದಿಲ್ಲ, ಯಾರೂ ಸಾಯುವುದಿಲ್ಲ, ಅಂಕಗಳೂ ಇಲ್ಲ. ಭೂಮಿಯಿಂದ ಹೊರಟು ಚಂದ್ರನನ್ನು ಸುತ್ತಿ ಮೆಲ್ಲಗೆ ಇಳಿಯಬೇಕು, ಅಷ್ಟೇ. ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ. ಬೂದುಬಣ್ಣದ ನೆಲ, ಎಲ್ಲೆಲ್ಲೂ ಕುಳಿಗಳು, ಒಂದೊಂದು ಕುಳಿಯ ಮೇಲೂ ಪುಟ್ಟ ಅಕ್ಷರದಲ್ಲಿ ಹೆಸರು. ನಮ್ಮ ಸಂಕ್ರಾಂತಿಯ ಎಳ್ಳು ಹುರಿದ ಬಾಣಲೆಯ ತಳದಂತೆ ಕಂಡಿತು.

ಅಪೊಲೊ 11 ಇಳಿದ ಜಾಗದಲ್ಲೇ ತನ್ನ ನೌಕೆಯನ್ನೂ ಇಳಿಸಬೇಕೆಂದು ಅವಳ ಆಸೆ. ಪರದೆಯಲ್ಲಿ ಆ ಹೆಸರಿನ ಗುರುತು ಇತ್ತು. ಸರಿಯಾಗಿ ಅಲ್ಲೇ ಇಳಿಸಿದಳು. ಆಮೇಲೆ ಮುಖ ಗಂಟುಹಾಕಿಕೊಂಡು, "ದೊಡ್ಡಮ್ಮಾ, ಇದು ಆ ಜಾಗ ಅಲ್ಲ. ಆರ್ಮ್‌ಸ್ಟ್ರಾಂಗ್ ಫೋಟೋದಲ್ಲಿರೋ ಕುಳಿ ಇಲ್ಲಿಲ್ಲ" ಎಂದಳು.

ಗುರುತುಗಳ ಹೆಸರೆಲ್ಲ ಒಂದು ಫೈಲಿನಲ್ಲಿತ್ತು. ತೆರೆದು ತೋರಿಸಿದಳು. ನಮ್ಮ ಹಾಜರಿ ಪುಸ್ತಕದ ಹಾಗೆ ಸಾಲು ಸಾಲಾಗಿ ಬರೆದಿತ್ತು. ಪ್ರತಿ ಸಾಲಿನಲ್ಲೂ ರೇಖಾಂಶದ ಒಂದು ಅಂಕಿ, ಅಕ್ಷಾಂಶದ ಒಂದು ಅಂಕಿ, ಆಮೇಲೆ ಒಂದು ಹೆಸರು. ಸಿಮ್ಯುಲೇಟರಿನ ಜೊತೆ ಬಂದದ್ದಲ್ಲ, ಯಾರೋ ಆಸಕ್ತರು ಬಹಳ ವರ್ಷಗಳ ಹಿಂದೆ ಕೂತು ಟೈಪ್ ಮಾಡಿದ್ದು. ಆ ಪಟ್ಟಿಯನ್ನು ಪೂರ್ತಿ ಪರೀಕ್ಷಿಸಿ ತಿದ್ದುತ್ತೇನೆಂದು ಹುಡುಗಿ ಹೊರಟಳು. ನನ್ನ ಬುದ್ಧಿವಾದ ಮೊದಲ ದಿನವೇ ಮೂಲೆ ಸೇರಿತು.

ಎರಡನೆಯ ದಿನ ನಮ್ಮಿಬ್ಬರಿಗೂ ಒಂದು ಸಣ್ಣ ಜಗಳವೇ ಆಯಿತು. ಚಂದ್ರನ ಮೇಲೆ 'ಮಾರೆ ಓರಿಯೆಂಟಾಲೆ' ಎಂಬ ಜಾಗವಿದೆ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಪೂರ್ವದ ಸಮುದ್ರ. ಚಂದ್ರನಲ್ಲಿ ನೀರಿನ ಸಮುದ್ರವಿಲ್ಲ ಬಿಡಿ, ಹಿಂದಿನವರು ಕಪ್ಪಗೆ ಕಂಡ ಬಯಲುಗಳನ್ನೆಲ್ಲ ಸಮುದ್ರವೆಂದು ಕರೆದಿದ್ದರು. ಫೈಲಿನಲ್ಲಿ ಅದರ ರೇಖಾಂಶ 92.8 ಪೂರ್ವ ಎಂದಿತ್ತು. ಮೇಘನಾ ಅದರ ಹಿಂದೆ ಮೈನಸ್ ಗುರುತು ಹಾಕಿ ಪಶ್ಚಿಮಕ್ಕೆ ತಳ್ಳಿದಳು. "ಅಲ್ಲ ಕಣೇ, ಹೆಸರೇ ಪೂರ್ವದ ಸಮುದ್ರ. ಅದು ಪಶ್ಚಿಮದಲ್ಲಿ ಇರೋದಕ್ಕೆ ಹೇಗೆ ಸಾಧ್ಯ? ಬರೆದವರಿಗೆ ಅಷ್ಟೂ ಗೊತ್ತಿರಲಿಲ್ವಾ?" ಎಂದೆ. "ಫೋಟೋದಲ್ಲಿ ಪಶ್ಚಿಮದಲ್ಲೇ ಇದೆ ದೊಡ್ಡಮ್ಮಾ" ಎಂದಳು. "ಸುಮ್ಮನಿರು, ಪುಸ್ತಕ ನೋಡೋಣ" ಎಂದೆ. ಆ ಮಾತು ಬಾಯಿಂದ ಬಿದ್ದ ಕೂಡಲೇ ನನಗೆ ಒಂದು ಹಳೆಯ ದಿನ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಆ ದಿನದ ವಿಷಯ ಆಮೇಲೆ ಹೇಳುತ್ತೇನೆ.

ಪುಸ್ತಕ ನೋಡಿದೆವು. ಇಬ್ಬರೂ ಗೆದ್ದೆವು, ಇಬ್ಬರೂ ಸೋತೆವು. ಆ ಹೆಸರಿಟ್ಟವರು ಯೂಲಿಯಸ್ ಫ್ರಾಂಟ್ಸ್ ಎಂಬ ಜರ್ಮನ್ ಖಗೋಳಜ್ಞರು, 1906ರಲ್ಲಿ. ಆಗಿನ ಖಗೋಳಜ್ಞರ ಲೆಕ್ಕವೇ ಬೇರೆ. ನಾವು ದಕ್ಷಿಣಕ್ಕೆ ಮುಖ ಮಾಡಿ ಚಂದ್ರನನ್ನು ನೋಡುತ್ತಾ ನಿಂತರೆ ನಮ್ಮ ಎಡಗೈ ಪೂರ್ವ. ಹಾಗಾಗಿ ಚಂದ್ರನ ಎಡ ಅಂಚು ಅವರಿಗೆ ಪೂರ್ವದ ಅಂಚು. ಭೂಪಟದಲ್ಲಾದರೋ ಎಡಗಡೆ ಪಶ್ಚಿಮ. ಮನುಷ್ಯ ಚಂದ್ರನ ಮೇಲೆ ಹೋಗಿ ನಿಲ್ಲುವ ಕಾಲ ಹತ್ತಿರ ಬಂದಾಗ ಈ ಗೊಂದಲ ಸಲ್ಲದೆಂದು 1961ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ದಿಕ್ಕುಗಳನ್ನೇ ಅದಲುಬದಲು ಮಾಡಿತು. ಚಂದ್ರನ ನೆಲದ ಮೇಲೆ ನಿಂತವನಿಗೆ ಸೂರ್ಯ ಹುಟ್ಟುವ ಕಡೆ ಪೂರ್ವವಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಪೂರ್ವದ ಸಮುದ್ರ ಒಂದೇ ದಿನದಲ್ಲಿ, ಒಂದು ಅಂಗುಲವೂ ಅಲುಗಾಡದೆ, ಪಶ್ಚಿಮಕ್ಕೆ ಬಂದುಬಿಟ್ಟಿತು! ಫೈಲು ಬರೆದವರು ನನ್ನ ಹಾಗೆಯೇ ಹೆಸರನ್ನು ನಂಬಿ ಮೈನಸ್ ಬಿಟ್ಟಿರಬೇಕು.

ಅಂದಿನಿಂದ ನನಗೂ ಈ ಹುಚ್ಚು ಹಿಡಿಯಿತು. ಚಂದ್ರನ ಮೇಲೆ ಒಂದು ಜಾಗ ಇಲ್ಲೇ ಇದೆ ಎಂದು ಹೇಳುವುದಾದರೂ ಹೇಗೆ? ನಮ್ಮ ತಂದೆಯ ಕಾಲದಲ್ಲಿ ಹೊಲದ ಬದುವಿನ ವಿಚಾರಕ್ಕೆ ದಾಯಾದಿಗಳ ಜೊತೆ ವ್ಯಾಜ್ಯವಿತ್ತು. ಸರ್ವೆಯವರು ಹದ್ದುಬಸ್ತು ಮಾಡಲು ಬಂದಾಗ ಮೊದಲು ಹುಡುಕಿದ್ದು ಬಾಂದುಕಲ್ಲನ್ನು. ಕಲ್ಲು ಸಿಕ್ಕಿದರೆ ಸರಪಳಿ ಹಿಡಿದು ಎಲ್ಲವನ್ನೂ ಅಳೆಯಬಹುದು. ಕಲ್ಲೇ ಜರುಗಿದ್ದರೆ ಅಳತೆಯೆಲ್ಲ ಜರುಗಿದಂತೆ. ಚಂದ್ರನಿಗೂ ಹಾಗೆ ಒಂದು ಬಾಂದುಕಲ್ಲು ಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಖಗೋಳಜ್ಞರು ಚಂದ್ರಬಿಂಬದ ನಡುಮಧ್ಯಕ್ಕೆ ಹತ್ತಿರವಿರುವ 'ಮೋಸ್ಟಿಂಗ್ ಎ' ಎಂಬ ಪುಟ್ಟ ಕುಳಿಯನ್ನು ಆರಿಸಿಕೊಂಡರು. ಸುಮಾರು 13 ಕಿಲೋಮೀಟರ್ ಅಗಲ, ದೂರದರ್ಶಕದಲ್ಲಿ ಬೆಳ್ಳಗೆ ಹೊಳೆಯುವ ಕುಳಿ. ಅದರಿಂದ ಉಳಿದವುಗಳನ್ನು ಅಳೆದರು. ಆದರೆ ಚಂದ್ರ ನಮ್ಮೆದುರು ಸ್ಥಿರವಾಗಿ ನಿಲ್ಲುವವನಲ್ಲ, ಸ್ವಲ್ಪ ಸ್ವಲ್ಪ ತಲೆಯಾಡಿಸುತ್ತಲೇ ಇರುತ್ತಾನೆ. ಸುಮಾರು ನಾಲ್ಕು ಲಕ್ಷ ಕಿಲೋಮೀಟರ್ ದೂರದಿಂದ ತಲೆಯಾಡಿಸುವ ಮಗುವಿನ ಹಣೆಗೆ ಬೊಟ್ಟಿಡುವ ಕೆಲಸವದು.

ಜಾಗದ ತೊಡಕಿನ ಮೇಲೆ ಹೆಸರಿನ ತೊಡಕು. 1651ರಲ್ಲಿ ಇಟಲಿಯ ರಿಚ್ಚಿಯೋಲಿ ಎಂಬ ಪಾದ್ರಿ ಕುಳಿಗಳಿಗೆ ವಿದ್ವಾಂಸರ ಹೆಸರಿಡುವ ಪದ್ಧತಿ ತಂದರು. ಆಮೇಲೆ ನಕ್ಷೆ ಬರೆದವರೆಲ್ಲ ತಮಗೆ ತೋಚಿದ್ದನ್ನು ಸೇರಿಸುತ್ತಾ ಹೋದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಒಂದೇ ಕುಳಿಗೆ ಒಬ್ಬೊಬ್ಬರ ನಕ್ಷೆಯಲ್ಲಿ ಒಂದೊಂದು ಹೆಸರು, ಒಂದೇ ಹೆಸರಿಗೆ ಬೇರೆ ಬೇರೆ ಕುಳಿ. ಇದನ್ನು ಎತ್ತಿ ತೋರಿಸಿದವರು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸಾಂಡರ್. ಅವರು ಒಬ್ಬ ಶಾಲಾ ಗಣಿತದ ಮೇಷ್ಟ್ರು ಎಂದು ಓದಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕುಳಿಗಳ ಸ್ಥಾನವನ್ನು ಅಳೆದು ಅಳೆದು ಲೆಕ್ಕವಿಟ್ಟ ಅವರಿಗೆ, ಹೆಸರುಗಳನ್ನು ಸರಿಪಡಿಸಲು ತಾಳ್ಮೆಯ ಒಬ್ಬ ಸಹಾಯಕರು ಬೇಕಿತ್ತು. ಸಿಕ್ಕಿದವರು ಮೇರಿ ಬ್ಲಾಗ್.

ಈ ಹೆಣ್ಣುಮಗಳ ಕಥೆಯನ್ನು ನಾನು ನಿಮಗೆ ಹೇಳಲೇಬೇಕು. 1858ರಲ್ಲಿ ಚೀಡಲ್ ಎಂಬ ಸಣ್ಣ ಊರಿನಲ್ಲಿ ಒಬ್ಬ ವಕೀಲರ ಮಗಳಾಗಿ ಹುಟ್ಟಿದರು. ಗಣಿತವನ್ನು ಕಲಿತದ್ದು ತಮ್ಮಂದಿರ ಶಾಲೆಯ ಪುಸ್ತಕಗಳಿಂದ. ಮದುವೆಯಾಗಲಿಲ್ಲ, ಹುಟ್ಟಿದ ಊರು ಬಿಡಲಿಲ್ಲ, ಊರಿನ ಸಮಾಜಸೇವೆ ಮಾಡಿಕೊಂಡಿದ್ದರು. ನಡುವಯಸ್ಸಿನಲ್ಲಿ ಅವರ ಊರಿಗೆ ಬಂದ ಒಬ್ಬ ಉಪನ್ಯಾಸಕರು ಖಗೋಳದ ಮೇಲೆ ಭಾಷಣ ಮಾಡಿದರು. ಕೇಳಿದ ಮೇರಿಗೆ ತಾನೂ ಏನಾದರೂ ನಿಜವಾದ ಕೆಲಸ ಮಾಡಬೇಕೆನಿಸಿತು. ಅವರೇ ಚಂದ್ರನ ಹೆಸರುಗಳ ಗೊಂದಲವನ್ನು ಬಿಡಿಸಬಹುದೆಂದು ದಾರಿ ತೋರಿದರು. ಮೇರಿ ಮೂವರು ಪ್ರಮುಖರ ನಕ್ಷೆ, ಪುಸ್ತಕಗಳನ್ನು ಮುಂದಿಟ್ಟುಕೊಂಡು ಪ್ರತಿ ಕುಳಿಯನ್ನೂ ಹೋಲಿಸಿದರು. ಒಂದು ಜಾಗವನ್ನು ಯಾರು ಏನೆಂದು ಕರೆದಿದ್ದಾರೆ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ಬರೆದರು. ಆ ಪಟ್ಟಿ 1913ರಲ್ಲಿ ಅಚ್ಚಾಯಿತು. 1916ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಮೊದಲ ಬಾರಿಗೆ ಹೆಂಗಸರನ್ನು ಫೆಲೋಗಳಾಗಿ ಸೇರಿಸಿಕೊಂಡಾಗ ಆ ಕೆಲವೇ ಮಂದಿಯಲ್ಲಿ ಅವರೂ ಒಬ್ಬರು. ಮುಂದೆ 1935ರಲ್ಲಿ ವಿಯೆನ್ನಾದ ಕಾರ್ಲ್ ಮ್ಯುಲ್ಲರ್ ಜೊತೆ ಸೇರಿ ಅವರು ಸಿದ್ಧಪಡಿಸಿದ ಹೆಸರುಗಳ ಪಟ್ಟಿಯೇ ಜಗತ್ತಿಗೆಲ್ಲ ಅಧಿಕೃತವಾಯಿತು. ಆಗ ಅವರಿಗೆ ಎಪ್ಪತ್ತೇಳರ ಹತ್ತಿರ ವಯಸ್ಸು. 1944ರಲ್ಲಿ ತೀರಿಕೊಂಡರು. ಇಂದು ಚಂದ್ರನ ನಡುಮಧ್ಯದ ಬಳಿ ಐದು ಕಿಲೋಮೀಟರ್ ಅಗಲದ ಒಂದು ಕುಳಿ ಬ್ಲಾಗ್ ಹೆಸರಿನಲ್ಲಿದೆ.

ಮೇಘನಾಳ ಫೈಲಿನಲ್ಲಿ ಆ ಹೆಸರಿತ್ತೇ ಎಂದು ಹುಡುಕಿಸಿದೆ. ಇರಲಿಲ್ಲ. ದೊಡ್ಡ ದೊಡ್ಡ ಕುಳಿಗಳ ಹೆಸರಷ್ಟೇ ಇತ್ತು. "ಸೇರಿಸು" ಎಂದೆ. ಸೇರಿಸಿದಳು. ಆ ಪಟ್ಟಿಗೆ ನನ್ನ ಕೊಡುಗೆ ಅಷ್ಟೇ.

ಈಗ ಮತ್ತೆ ಅಪೊಲೊ 11ರ ವಿಷಯ. 1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇದ್ದ ಈಗಲ್ ನೌಕೆ ಗೊತ್ತುಮಾಡಿದ್ದ ಜಾಗದಲ್ಲಿ ಇಳಿಯಲಿಲ್ಲ. ತಾಯಿನೌಕೆಯಿಂದ ಬೇರ್ಪಡುವಾಗ ಎರಡರ ನಡುವಿನ ಸುರಂಗದಲ್ಲಿ ಉಳಿದಿದ್ದ ಗಾಳಿ ಒಂದು ಸಣ್ಣ ತಳ್ಳು ಕೊಟ್ಟಿತ್ತು. ಚಂದ್ರನ ಒಡಲಿನ ಭಾರ ಎಲ್ಲ ಕಡೆಯೂ ಒಂದೇ ಸಮ ಇಲ್ಲದಿರುವುದರಿಂದ ಸೆಳೆತವೂ ಒಂದೇ ಸಮ ಇರಲಿಲ್ಲ. ಕೆಳಗಿನ ಗುರುತುಗಳು ಎರಡು ಮೂರು ಸೆಕೆಂಡು ಮೊದಲೇ ದಾಟಿಹೋಗುತ್ತಿರುವುದನ್ನು ಆರ್ಮ್‌ಸ್ಟ್ರಾಂಗ್ ಗಮನಿಸಿದ್ದರು. ಆ ವೇಗದಲ್ಲಿ ಎರಡು ಮೂರು ಸೆಕೆಂಡೆಂದರೆ ಕಿಲೋಮೀಟರುಗಟ್ಟಲೆ ದೂರ. ಕೊನೆಗೆ ಬಂಡೆಗಳು ತುಂಬಿದ ದೊಡ್ಡ ಕುಳಿಯೊಂದು ಎದುರಾಯಿತು. ಅದನ್ನು ದಾಟಿಸಿ ಆಚೆ ಇಳಿಸಿದರು. ಗುರಿಯಿಂದ ಸುಮಾರು ಆರು ಕಿಲೋಮೀಟರ್ ಮುಂದೆ.

ಇಳಿದದ್ದೇನೋ ಸರಿ, ಎಲ್ಲಿ ಎಂದು ಅವರಿಗೂ ಗೊತ್ತಿಲ್ಲ, ಭೂಮಿಯಲ್ಲಿದ್ದವರಿಗೂ ಗೊತ್ತಿಲ್ಲ. ಮೇಲೆ ತಾಯಿನೌಕೆಯಲ್ಲಿ ಒಬ್ಬಂಟಿಯಾಗಿ ಸುತ್ತುತ್ತಿದ್ದ ಮೈಕೆಲ್ ಕಾಲಿನ್ಸ್ ಎರಡು ಗಂಟೆಗೊಮ್ಮೆ ಆ ಬಯಲಿನ ಮೇಲೆ ಹಾದುಹೋಗುವಾಗ ದೂರದರ್ಶಕಕ್ಕೆ ಕಣ್ಣಿಟ್ಟು ಹುಡುಕುತ್ತಿದ್ದರು. ಸಿಗುತ್ತಿದ್ದುದು ಕೆಲವೇ ನಿಮಿಷ. ಭೂಮಿಯಿಂದ ಪ್ರತಿ ಸುತ್ತಿಗೂ ನಕ್ಷೆಯ ಬೇರೆ ಬೇರೆ ಚೌಕಗಳ ಅಂಕಿ ಬರುತ್ತಿತ್ತು. ಅವರಿಗೆ ಈಗಲ್ ಕಾಣಿಸಲೇ ಇಲ್ಲ. ಇಳಿಯುವಾಗ ಕಿಟಕಿಯಿಂದ ತೆಗೆದ ಚಲನಚಿತ್ರದ ಸುರುಳಿ ಭೂಮಿಗೆ ಬಂದ ಮೇಲೆ, ಅದರಲ್ಲಿನ ಕುಳಿಗಳನ್ನು ಹಳೆಯ ಛಾಯಾಚಿತ್ರಗಳ ಜೊತೆ ಹೋಲಿಸಿ ಜಾಗವನ್ನು ಖಚಿತಪಡಿಸಿಕೊಂಡರು.

ಯಾತ್ರೆಯ ನಂತರದ ವರದಿಯಲ್ಲಿ ಆ ಜಾಗವನ್ನು 0 ಡಿಗ್ರಿ 41 ನಿಮಿಷ 15 ಸೆಕೆಂಡ್ ಉತ್ತರ, 23 ಡಿಗ್ರಿ 26 ನಿಮಿಷ ಪೂರ್ವ ಎಂದು ಬರೆದರು. ಮೇಘನಾಳ ಫೈಲಿನಲ್ಲಿದ್ದುದು ಇದೇ ಅಂಕಿ, ದಶಮಾಂಶದಲ್ಲಿ. ಇಂದಿನ ಅಂಕಿ 0.674 ಉತ್ತರ, 23.473 ಪೂರ್ವ. ನೋಡಿದರೆ ಎಷ್ಟು ಸಣ್ಣ ವ್ಯತ್ಯಾಸ! ಪರೀಕ್ಷೆಯಲ್ಲಾಗಿದ್ದರೆ ನಾನು ಪೂರ್ತಿ ಅಂಕ ಕೊಟ್ಟುಬಿಡುತ್ತಿದ್ದೆ. ಆದರೆ ಚಂದ್ರನ ಮೇಲೆ ಒಂದು ಡಿಗ್ರಿಯೆಂದರೆ ಸುಮಾರು 30 ಕಿಲೋಮೀಟರ್. ಲೆಕ್ಕ ಹಾಕಿದರೆ ಈ ಎರಡು ಬಿಂದುಗಳ ನಡುವೆ ಒಂದೂಕಾಲು ಕಿಲೋಮೀಟರಿನಷ್ಟು ಅಂತರ. ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಅಷ್ಟೇ ದೂರ.

ಹಾಗಾದರೆ 1969ರವರು ತಪ್ಪು ಬರೆದರೇ? ಇಲ್ಲ. ಅವರು ಜಾಗವನ್ನು ಸರಿಯಾಗಿಯೇ ಗುರುತಿಸಿದ್ದರು, ತಮ್ಮ ಕಾಲದ ನಕ್ಷೆಯ ಮೇಲೆ ಬೆರಳಿಟ್ಟು ಅದರ ಗೆರೆಗಳನ್ನು ಓದಿ ಅಂಕಿ ಬರೆದಿದ್ದರು. ನಕ್ಷೆಯ ಗೆರೆಗಳೇ ಸ್ವಲ್ಪ ಜರುಗಿದ್ದವು. ಬಾಂದುಕಲ್ಲು ಜರುಗಿದ್ದರೆ ಸರಪಳಿ ಹಿಡಿದವನದೇನು ತಪ್ಪು?

ಅಪೊಲೊ 11ರ ಆರು ಕಿಲೋಮೀಟರಿನಿಂದ ಅವರು ಪಾಠ ಕಲಿತ ರೀತಿ ನನಗೆ ಬಹಳ ಹಿಡಿಸಿತು. ಅದೇ ವರ್ಷ ನವೆಂಬರ್ 19ರಂದು ಅಪೊಲೊ 12 ಇಳಿಯಬೇಕಿದ್ದುದು 1967ರಿಂದ ಅಲ್ಲೇ ನಿಂತಿದ್ದ ಸರ್ವೇಯರ್ 3 ಎಂಬ ಯಂತ್ರದ ಪಕ್ಕದಲ್ಲಿ. ಆ ಯಂತ್ರ ಯಾವ ಕುಳಿಯಲ್ಲಿದೆ ಎಂಬುದನ್ನು ಛಾಯಾಚಿತ್ರಗಳನ್ನು ಹೋಲಿಸಿ ಪತ್ತೆಹಚ್ಚಿದವರು ಇವನ್ ವಿಟೇಕರ್ ಎಂಬ ಚಂದ್ರನಕ್ಷೆಯ ತಜ್ಞರು. ಇಳಿಯುವಾಗ ನೌಕೆ ಎಷ್ಟು ದಾರಿತಪ್ಪಿದೆಯೆಂದು ಭೂಮಿಯಿಂದ ರೇಡಿಯೋ ಅಲೆಗಳ ಮೂಲಕ ಅಳೆದರು. ಆದರೆ ಆ ಗಡಿಬಿಡಿಯಲ್ಲಿ ನೌಕೆಯ ಸ್ಥಾನದ ಲೆಕ್ಕವನ್ನೆಲ್ಲ ಪುಟ್ಟ ಕಂಪ್ಯೂಟರಿನಲ್ಲಿ ಬದಲಾಯಿಸುವುದು ಅಪಾಯ. ಅದರ ಬದಲು ಒಂದೇ ಒಂದು ಅಂಕಿ ಕೊಟ್ಟು ಅದಕ್ಕೆ ಹೇಳಿದರು: ನೀನು ದಾರಿ ತಪ್ಪಿಲ್ಲ, ಇಳಿಯುವ ಜಾಗವೇ 4200 ಅಡಿ ಮುಂದಕ್ಕೆ ಹೋಗಿದೆ! ಕಂಪ್ಯೂಟರ್ ನಂಬಿತು. ನೌಕೆ ಸರ್ವೇಯರ್ ಯಂತ್ರದಿಂದ 163 ಮೀಟರ್ ದೂರದಲ್ಲಿ ಇಳಿಯಿತು. ಹಟ ಹಿಡಿದ ಮಗುವಿಗೆ ನೀನೇ ಸರಿ ಕಂದಾ ಎನ್ನುತ್ತಲೇ ಊಟ ಮಾಡಿಸಿಬಿಡುವ ತಾಯಂದಿರಿಗೆ ಈ ಉಪಾಯ ಹೊಸದೇನಲ್ಲ.

ಜಾಗ ತಪ್ಪಿದ್ದರಿಂದ ನಲವತ್ತು ವರ್ಷ ಕಳೆದುಹೋದದ್ದೂ ಉಂಟು. ಅಪೊಲೊ 11, 14, 15ರ ಯಾತ್ರಿಕರು ಚಂದ್ರನ ಮೇಲೆ ಒಂದು ಬಗೆಯ ಕನ್ನಡಿಗಳನ್ನು ಇಟ್ಟು ಬಂದರು. ಭೂಮಿಯಿಂದ ಲೇಸರ್ ಬೆಳಕು ಬಿಟ್ಟರೆ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹೋಗಿಬರುವ ಸಮಯದಿಂದ ದೂರ ಲೆಕ್ಕ ಹಾಕುತ್ತಾರೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆಂದು ತಿಳಿದದ್ದು ಹೀಗೆ. ರಷ್ಯದವರು ಕಳಿಸಿದ ಲುನೊಖೋದ್ 1 ಮತ್ತು 2 ಎಂಬ ಬಂಡಿಗಳ ಮೇಲೂ ಫ್ರಾನ್ಸಿನಲ್ಲಿ ತಯಾರಾದ ಇಂಥ ಕನ್ನಡಿಗಳಿದ್ದವು. ಮೊದಲನೆಯ ಬಂಡಿ 1970ರ ನವೆಂಬರಿನಲ್ಲಿ ಇಳಿದು ಸುಮಾರು 10 ಕಿಲೋಮೀಟರ್ ಓಡಾಡಿ, 1971ರ ಸೆಪ್ಟೆಂಬರಿನಲ್ಲಿ ಮಾತು ನಿಲ್ಲಿಸಿತು. ಅದು ನಿಂತ ಜಾಗದ ಅಂಕಿ ಸರಿಯಿರಲಿಲ್ಲ. ಭೂಮಿಯಿಂದ ಹೊರಟ ಲೇಸರ್ ಚಂದ್ರನನ್ನು ಮುಟ್ಟುವ ಹೊತ್ತಿಗೆ ಸುಮಾರು ಎರಡು ಕಿಲೋಮೀಟರ್ ಅಗಲಕ್ಕೆ ಹರಡಿರುತ್ತದೆ. ಗುರಿ ಕೆಲವು ಕಿಲೋಮೀಟರ್ ತಪ್ಪಿದರೆ ಕನ್ನಡಿಗೆ ಬೆಳಕೇ ತಾಗದು. ದಶಕಗಳ ಕಾಲ ಅದು ಕಳೆದುಹೋದ ಬಂಡಿಯೇ ಆಗಿತ್ತು.

2009ರಲ್ಲಿ ಹಾರಿದ ಅಮೆರಿಕದ ಲೂನಾರ್ ರಿಕಾನೆಸೆನ್ಸ್ ಆರ್ಬಿಟರ್ ಚಂದ್ರನನ್ನು ಹತ್ತಿರದಿಂದ ಸುತ್ತುತ್ತಾ ಚಿತ್ರ ತೆಗೆಯತೊಡಗಿತು. ಅಪೊಲೊ ನೌಕೆಗಳ ಬುಡ, ಯಾತ್ರಿಕರ ಕಾಲಿನ ಜಾಡು ಎಲ್ಲವೂ ಕಂಡವು. 2010ರ ಮಾರ್ಚಿನಲ್ಲಿ ಲುನೊಖೋದ್ 1 ಕೂಡ ಒಂದು ಚುಕ್ಕೆಯಾಗಿ ಸಿಕ್ಕಿತು. ಹೊಸ ಅಂಕಿ ಹಿಡಿದು ಏಪ್ರಿಲ್ 22ರಂದು ನ್ಯೂ ಮೆಕ್ಸಿಕೋದ ವೀಕ್ಷಣಾಲಯದಿಂದ ಟಾಮ್ ಮರ್ಫಿಯವರ ತಂಡ ಲೇಸರ್ ಬಿಟ್ಟಿತು. ಸುಮಾರು ನಲವತ್ತು ವರ್ಷ ಸುಮ್ಮನಿದ್ದ ಕನ್ನಡಿ ಮೊದಲ ಸಲಕ್ಕೇ ಬೆಳಕನ್ನು ಹಿಂದಕ್ಕೆ ಕಳಿಸಿತು. ಕನ್ನಡಿ ಕೆಟ್ಟಿರಲಿಲ್ಲ, ನಾವು ನೋಡುತ್ತಿದ್ದ ಜಾಗ ತಪ್ಪಾಗಿತ್ತು. ಈ ವಾಕ್ಯವನ್ನು ಬರೆಯುವಾಗ ನನ್ನ ಶಾಲೆಯ ಎಷ್ಟೋ ಮಕ್ಕಳು ನೆನಪಾದರು.

ಹೀಗೆ ಚಂದ್ರನ ಮೇಲೆ ಆ ಐದು ಕನ್ನಡಿಗಳು ಬಾಂದುಕಲ್ಲುಗಳಾದವು. ನಮ್ಮವರೂ ಆ ನೆಲದಲ್ಲಿ ಒಂದು ಪುಟ್ಟ ಕನ್ನಡಿ ಇಟ್ಟಿದ್ದಾರೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ಇಳಿಯುವ ಕೊನೆ ಗಳಿಗೆಯಲ್ಲಿ ಮೌನವಾಗಿ, ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಮುಖ ಬಾಡಿಸಿ ಕುಳಿತದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅದರ ಚೂರುಗಳನ್ನು ಮೊದಲು ಗುರುತಿಸಿದವರು ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಎಂಬ ಎಂಜಿನಿಯರ್. ಮನೆಯ ಕಂಪ್ಯೂಟರಿನಲ್ಲಿ ಅಮೆರಿಕದ ನೌಕೆಯ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಹಳೆಯದರಲ್ಲಿ ಇಲ್ಲದ ಒಂದು ಬಿಳಿ ಚುಕ್ಕೆಯನ್ನು ಹಿಡಿದರು. ಆ ವರ್ಷದ ಡಿಸೆಂಬರಿನಲ್ಲಿ ನಾಸಾ ಅವರ ಹೆಸರು ಹೇಳಿಯೇ ಅದನ್ನು ಪ್ರಕಟಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುರಕ್ಷಿತವಾಗಿ ಇಳಿದಾಗ ನಮ್ಮ ಶಾಲೆಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆ ನೌಕೆಯ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕನ್ನಡಿಯ ಗುಚ್ಛವಿತ್ತು. ಡಿಸೆಂಬರ್ 12ರಂದು ಮೇಲೆ ಸುತ್ತುತ್ತಿದ್ದ ಅಮೆರಿಕದ ನೌಕೆಯ ಲೇಸರ್‌ಗೆ ಅದು ಉತ್ತರ ಕೊಟ್ಟಿತು. ಮೇಘನಾ ತನ್ನ ಫೈಲಿಗೆ ಶಿವಶಕ್ತಿ ಎಂದು ಹೊಸ ಸಾಲು ಸೇರಿಸಿದಳು: 32.32 ಪೂರ್ವ, 69.37 ದಕ್ಷಿಣ. ದಕ್ಷಿಣಕ್ಕೆ ಮೈನಸ್ ಹಾಕಿದ್ದೀಯಾ ಎಂದು ನಾನು ಮೂರು ಸಲ ಕೇಳಿದೆ.

ಪಟ್ಟಿ ತಿದ್ದಿ ಮುಗಿಯುವ ಹೊತ್ತಿಗೆ ಹುಡುಗಿ ಹಳೆಯ ಅಂಕಿಗಳನ್ನೆಲ್ಲ ಅಳಿಸಿಹಾಕಿ, "ಆಯ್ತು ದೊಡ್ಡಮ್ಮಾ, ಎಲ್ಲಾ ಕ್ಲೀನ್" ಎಂದಳು. ಆಗ ಮಾತ್ರ ನಾನು ಟೀಚರಾದೆ. "ಅಳಿಸಬೇಡ. ಹಳೆಯದನ್ನೂ ಪಕ್ಕದಲ್ಲಿ ಬರೆ. ಅದು ಯಾವ ವರ್ಷದ್ದು, ಯಾಕೆ ಹಾಗಿತ್ತು, ನೀನು ಯಾವುದನ್ನು ನೋಡಿ ತಿದ್ದಿದೆ, ಎಲ್ಲಾ ಬರೆ. ಮೇರಿ ಬ್ಲಾಗ್ ಹಾಗೇ ಮಾಡಿದ್ದು" ಎಂದೆ. "ಯಾಕೆ, ತಪ್ಪನ್ನ ಯಾಕೆ ಇಟ್ಕೋಬೇಕು?" ಎಂದಳು. ಅದಕ್ಕೆ ಉತ್ತರವಾಗಿ ನನ್ನ ಹಳೆಯ ದಿನದ ಕಥೆಯನ್ನು ಹೇಳಿದೆ.

ಕೆಲಸಕ್ಕೆ ಸೇರಿದ ಹೊಸತು. ಎಂಟನೇ ತರಗತಿಗೆ ಹೊಯ್ಸಳರ ಪಾಠ. ಹತ್ತಿರದ ಹಳ್ಳಿಯೊಂದರ ಕೆರೆಯ ಏರಿಯ ಮೇಲೆ ವೀರಗಲ್ಲು ಇದೆಯೆಂದು ಶಾಲೆಯ ಲೈಬ್ರರಿಯ ಒಂದು ಹಳೆಯ ಪುಸ್ತಕದಲ್ಲಿ ಓದಿ ಉತ್ಸಾಹದಿಂದ ಹೇಳುತ್ತಿದ್ದೆ. ಆ ಹಳ್ಳಿಯಿಂದಲೇ ನಡೆದು ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಕಲ್ಲು ಕೆರೆ ಏರಿ ಮ್ಯಾಲಿಲ್ಲ. ಬಸವಣ್ಣನ ಗುಡಿ ಹಿಂದೈತೆ" ಎಂದ. ಮಕ್ಕಳೆಲ್ಲ ನಕ್ಕರು. ನನಗೆ ಅವಮಾನವಾದಂತಾಯಿತು. "ಪುಸ್ತಕ ಬರೆದವರಿಗಿಂತ ನಿನಗೆ ಜಾಸ್ತಿ ಗೊತ್ತಾ? ಕೂತ್ಕೋ" ಎಂದೆ. ಕೂತ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಮತ್ತೆ ಎದ್ದು ಮಾತಾಡಲಿಲ್ಲ. ಮುಂದಿನ ವರ್ಷ ಶಾಲೆಗೇ ಬರಲಿಲ್ಲ. ಬಾರದಿರುವುದಕ್ಕೆ ಮನೆಯ ಕಷ್ಟವೇ ಕಾರಣವಿದ್ದೀತು, ಆದರೂ ನಾನು ಹಾಗೆಂದುಕೊಂಡು ಸಮಾಧಾನಪಟ್ಟುಕೊಳ್ಳಲು ಆಗಿಲ್ಲ.

ಎಷ್ಟೋ ವರ್ಷಗಳ ಮೇಲೆ ಆ ಹಳ್ಳಿಗೆ ಒಂದು ಮದುವೆಗೆ ಹೋಗಿದ್ದೆ. ಗುಡಿಯ ಹಿಂದೆ ಕೈ ತೊಳೆಯಲು ಹೋದರೆ ಅಲ್ಲಿತ್ತು ವೀರಗಲ್ಲು. ಕೆರೆಯ ಏರಿ ರಿಪೇರಿ ಮಾಡಿದಾಗ ಊರವರು ಎತ್ತಿ ತಂದು ಅಲ್ಲಿ ನಿಲ್ಲಿಸಿದರಂತೆ. ಪುಸ್ತಕ ಬರೆದವರೂ ಸರಿಯಾಗಿಯೇ ಬರೆದಿದ್ದರು, ಹುಡುಗನೂ ಸರಿಯಾಗಿಯೇ ಹೇಳಿದ್ದ. ನಡುವೆ ಕಲ್ಲು ಜರುಗಿತ್ತು. ತಪ್ಪಿದ್ದವಳು ನಾನೊಬ್ಬಳೇ. ಹೋಗಿ ನೋಡೋಣ ಬಾ ಎಂದು ಒಂದು ಮಾತು ಅನ್ನಬಹುದಿತ್ತು.

ಮೇಘನಾ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಳಿಸಿದ್ದ ಅಂಕಿಗಳನ್ನೆಲ್ಲ ಮತ್ತೆ ತಂದು ಒಂದೊಂದರ ಪಕ್ಕದಲ್ಲೂ ಟಿಪ್ಪಣಿ ಬರೆಯಲು ಕುಳಿತಳು. ಮೂರು ದಿನ ಹಿಡಿಯಿತು. ಮೂಲ ಪಟ್ಟಿ ಮಾಡಿದ್ದವರಿಗೆ ಇಮೇಲ್‌ನಲ್ಲಿ ಕಳಿಸಿದಳು. ತಾನು ಹಳೆಯ ಪುಸ್ತಕ ನೋಡಿ ಬರೆದಿದ್ದೆನೆಂದೂ, ಇಷ್ಟು ವರ್ಷದ ಮೇಲೆ ಒಬ್ಬರಾದರೂ ಪ್ರತಿ ಸಾಲನ್ನೂ ನೋಡಿದ್ದು ಸಂತೋಷವೆಂದೂ ಉತ್ತರ ಬಂತು. ಅವಳು ಅಳಿಸಿಯೇ ಕಳಿಸಿದ್ದರೆ ಅವರಿಗೆ ಅಷ್ಟು ಸಂತೋಷ ಆಗುತ್ತಿತ್ತೋ ಇಲ್ಲವೋ.

ತಂಗಿ ಫೋನ್ ಮಾಡಿ, "ಬುದ್ಧಿ ಹೇಳಿದೆಯಾ ಅಕ್ಕಾ?" ಎಂದು ಕೇಳಿದಳು. "ಹೇಳಿದೆ, ಹೇಳಿಸಿಕೊಂಡೆ. ಕಂಪ್ಯೂಟರಿಗೆ ಬೀಗ ಹಾಕಬೇಡ. ಓದುವ ಹೊತ್ತು, ಇದರ ಹೊತ್ತು ಬೇರೆ ಮಾಡಿಕೊಂಡಿದ್ದಾಳೆ" ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನೋಡೋಣ.

ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ಲೈಬ್ರರಿಯಲ್ಲಿ ಆ ಹಳೆಯ ಪುಸ್ತಕವನ್ನು ಹುಡುಕಿ ತೆಗೆದೆ. ವೀರಗಲ್ಲಿನ ಸಾಲನ್ನು ಹೊಡೆದುಹಾಕಲಿಲ್ಲ. ಪಕ್ಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: 'ಈಗ ಬಸವಣ್ಣನ ಗುಡಿಯ ಹಿಂದೆ ಇದೆ. ಮೊದಲು ತಿಳಿಸಿದವನು ನಮ್ಮ ಎಂಟನೇ ತರಗತಿಯ ವಿದ್ಯಾರ್ಥಿ.' ಅವನ ಹೆಸರನ್ನೂ ಬರೆದೆ. ಹಳೆಯ ಹಾಜರಿ ಪುಸ್ತಕದಲ್ಲಿ ನೋಡಿ, ಕಾಗುಣಿತ ತಪ್ಪದಂತೆ.